ಕೊಳ್ಳೋರಿಗೆ ಮೂವತ್ತೈದು, ಕೂರೋರಿಗೆ ಎಪ್ಪತ್ತು: ಲಕ್ಷುರಿ ಕಾರು ಯಾರಿಗೆ ಡಿಸೈನ್ ಮಾಡ್ಬೇಕು?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಬಂದಿದ್ದ ಲಕ್ಷುರಿ ಕಾರುಗಳ ಲೇಖನ ಓದಿ ಈ ಪತ್ರ ಬರೀತಿದೀನಿ. ಕೊಳ್ಳೋರ ವಯಸ್ಸು ಇಳೀತಾ ಇದೆ, ಮೂವತ್ತು ಮೂವತ್ತೈದಕ್ಕೇ ಜನ ದೊಡ್ಡ ಕಾರು ತಗೋತಿದಾರೆ, ಅದಕ್ಕೆ ತಕ್ಕಂಗೆ ಕಾರಿನ ಮುಖ, ಲೈಟು, ಡ್ಯಾಶ್‌ಬೋರ್ಡು ಎಲ್ಲಾ ಯಂಗ್ ಆಗ್ತಿದೆ ಅಂತ ಬರೆದಿದ್ರು. ಅದು ಸರಿನೇ. ಆದ್ರೆ ಇಡೀ ಲೇಖನದಲ್ಲಿ ವಯಸ್ಸು ಅಂದ್ರೆ ಬರೀ ಇಮೇಜು ಅನ್ನೋ ಹಂಗಿತ್ತು. ವಯಸ್ಸಿಗೆ ಮೊಣಕಾಲು, ಸೊಂಟ, ಕಣ್ಣು, ಬೆರಳು ಅಂತ ಇರುತ್ತಲ್ಲ, ಅದರ ಬಗ್ಗೆ ಒಂದು ಸಾಲೂ ಕಾಣ್ಲಿಲ್ಲ. ಇದು ನಿಮ್ಮ ಪುಟ ಒಂದರದ್ದೇ ದೋಷ ಅಂತ ಹೇಳ್ತಿಲ್ಲ, ಯೂಟ್ಯೂಬಲ್ಲಿ ಕನ್ನಡದಲ್ಲಿ ಬರೋ ಕಾರ್ ರಿವ್ಯೂಗಳೂ ಹಿಂಗೇ ಇವೆ, ಆದ್ರೆ ಪತ್ರಿಕೆ ಓದೋರಲ್ಲಿ ಅರವತ್ತು ದಾಟಿದೋರು ಬಹಳ ಜನ ಇದಾರೆ, ಅವರ ಪರವಾಗಿ ಯಾರಾದ್ರೂ ಹೇಳ್ಲೇಬೇಕು ಅನ್ನಿಸ್ತು.

ನಾನು ಕಾರಿನ ಸೀಟು ಮಾಡೋ ಸಪ್ಲೈಯರ್ ಕಂಪನಿಗಳಲ್ಲಿ ಬಹಳ ವರ್ಷ ಕೆಲಸ ಮಾಡ್ದೋನು, ಅದ್ರಲ್ಲಿ ಒಂದಷ್ಟು ಕಾಲ ಅಮೆರಿಕದ ಮಿಷಿಗನ್‌ನಲ್ಲಿದ್ದೆ, ಈಗ ರಿಟೈರ್ ಆಗಿ ಮೈಸೂರಲ್ಲಿದೀನಿ. ಅಲ್ಲಿನ ಡೆಟ್ರಾಯಿಟ್ ಅಂದ್ರೆ ಅಮೆರಿಕದ ಕಾರು ಕಂಪನಿಗಳ ಊರು, ಅದರ ಸುತ್ತಮುತ್ತ ಕೆಲಸ ಮಾಡೋರಿಗೆ ಈ ವಯಸ್ಸಿನ ಮಾತು ದಿನಾ ಕಿವಿಗೆ ಬೀಳ್ತಾನೇ ಇರುತ್ತೆ. ಹೊಸ ಮಾಡೆಲ್ ಬಗ್ಗೆ ಯಾವ ಮೀಟಿಂಗ್ ಆದ್ರೂ ಗಿರಾಕಿ ಯಾರು, ಅವರ ವಯಸ್ಸೆಷ್ಟು ಅನ್ನೋದ್ರಿಂದಾನೇ ಶುರು. ಅದಕ್ಕೇ ಇಲ್ಲಿ ಅಮೆರಿಕದ ಲಕ್ಷುರಿ ಕಾರು ಬ್ರ್ಯಾಂಡ್ ಕ್ಯಾಡಿಲಾಕ್ ಕಥೆ ಹೇಳ್ತೀನಿ, ಗಿರಾಕಿಗಳ ವಯಸ್ಸು ಒಂದು ಬ್ರ್ಯಾಂಡನ್ನ ಹೆಂಗೆ ಎತ್ತುತ್ತೆ, ಹೆಂಗೆ ಕೆಳಗಿಳಿಸುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

ಕ್ಯಾಡಿಲಾಕ್ 1902ರಲ್ಲಿ ಶುರುವಾಗಿದ್ದು, 1909ರಿಂದ ಜನರಲ್ ಮೋಟಾರ್ಸ್ ಕೈಲಿದೆ. 1948ರ ಮಾಡೆಲ್‌ಗೆ ಹಾರ್ಲಿ ಅರ್ಲ್ ಅವರ ಡಿಸೈನ್ ತಂಡದೋರು ಎರಡನೇ ಮಹಾಯುದ್ಧದ ಪಿ-38 ಫೈಟರ್ ವಿಮಾನದ ಬಾಲ ನೋಡ್ಕೊಂಡು ಕಾರಿನ ಹಿಂದೆ ರೆಕ್ಕೆ ಥರ ಮೇಲೆದ್ದಿರೋ ಸಣ್ಣ ಟೇಲ್ ಫಿನ್ ಇಟ್ರು, 1959ರ ಹೊತ್ತಿಗೆ ಆ ಫಿನ್ ಎಷ್ಟು ಎತ್ತರ ಆಯ್ತು ಅಂದ್ರೆ ಅಮೆರಿಕದ ಆ ಕಾಲದ ಶ್ರೀಮಂತಿಕೆಗೆ ಅದೇ ಗುರುತಾಗೋಯ್ತು. ಆಗ ಅದು ವಯಸ್ಸಾದೋರ ಕಾರು ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ರಾಕ್ ಹಾಡುಗಾರ ಎಲ್ವಿಸ್ ಪ್ರೀಸ್ಲಿ 1955ರಲ್ಲಿ ಇಪ್ಪತ್ತು ವರ್ಷದ ಹುಡುಗ, ಕೈಯಲ್ಲಿ ನಾಲ್ಕು ಕಾಸು ಆಡೋಕೆ ಶುರುವಾದ ತಕ್ಷಣ ಕೊಂಡಿದ್ದು ಕ್ಯಾಡಿಲಾಕ್, ಅದಕ್ಕೆ ಗುಲಾಬಿ ಬಣ್ಣ ಹೊಡೆಸಿ ಅಮ್ಮನಿಗೆ ಕೊಟ್ಟ, ಆಯಮ್ಮನಿಗೆ ಡ್ರೈವಿಂಗೇ ಬರ್ತಿರ್ಲಿಲ್ಲ. ಆ ಕಾರು ಇವತ್ತಿಗೂ ಮೆಂಫಿಸ್‌ನ ಗ್ರೇಸ್‌ಲ್ಯಾಂಡಲ್ಲಿದೆ. ಕೊಂಡಿದ್ದು ಮಗ, ಹೆಸರು ಅಮ್ಮಂದು. ಇದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ನಮ್ಮೂರ ಮಾತು ಬಂದಾಗ ಬೇಕಾಗುತ್ತೆ.

ಆಮೇಲಾಗಿದ್ದೇನಂದ್ರೆ, ಆ ಕಾಲದಲ್ಲಿ ಕ್ಯಾಡಿಲಾಕ್ ಆಸೆಪಟ್ಟ ಹುಡುಗರು ನಲವತ್ತಕ್ಕೆ, ಐವತ್ತಕ್ಕೆ ಕೈಗೆ ದುಡ್ಡು ಬಂದು ಅದನ್ನ ಕೊಂಡ್ರು, ಒಂದು ಮಾರಿ ಇನ್ನೊಂದು ತಗೊಂಡ್ರು, ಹಂಗೇ ಅವರಿಗೆ ವಯಸ್ಸಾಗ್ತಾ ಹೋಯ್ತು, ಕಂಪನಿ ಕೂಡ ಅವರ ಜೊತೇಲೇ ನಡ್ಕೊಂಡು ಹೋಯ್ತು. ಅವರು ಕೇಳಿದ್ದೆಲ್ಲ ಕೊಟ್ರು. ಮೆತ್ತನೆ ಸಸ್ಪೆನ್ಷನ್ನು, ಸೋಫಾ ಥರದ ಅಗಲವಾದ ಮುಂದಿನ ಸೀಟು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಒಂದೇ ಬೆರಳಲ್ಲಿ ತಿರುಗೋ ಸ್ಟಿಯರಿಂಗು, ರೂಫ್ ಮೇಲೆ ವಿನೈಲ್ ಹೊದಿಕೆ, ಒಳಗೆ ಮಖಮಲ್ ಥರದ ಬಟ್ಟೆ. ಒಂದೊಂದಾಗಿ ನೋಡಿದ್ರೆ ಯಾವ ತೀರ್ಮಾನಾನೂ ತಪ್ಪಲ್ಲ, ಗಿರಾಕಿ ಕೇಳಿದ್ದು ಕೊಡೋದೇ ವ್ಯಾಪಾರ. ಆದ್ರೆ ಅದೇ ಗಿರಾಕಿಗಳ ಮಕ್ಕಳು ಕೆಲಸಕ್ಕೆ ಸೇರಿ ದುಡ್ಡು ಮಾಡಿದ ಮೇಲೆ ಬಿಎಂಡಬ್ಲ್ಯೂ, ಮರ್ಸಿಡಿಸ್ ಶೋರೂಮಿಗೆ ಹೋದ್ರು, ಜಪಾನಿನ ಲಕ್ಷುರಿ ಬ್ರ್ಯಾಂಡುಗಳಾದ ಅಕ್ಯುರಾ 1986ರಲ್ಲಿ, ಲೆಕ್ಸಸ್ 1989ರಲ್ಲಿ ಬಂದ ಮೇಲೆ ಅಲ್ಲಿಗೂ ಹೋದ್ರು. 1990ರ ದಶಕದಲ್ಲಿ ಕ್ಯಾಡಿಲಾಕ್ ಕೊಳ್ಳೋರ ಸರಾಸರಿ ವಯಸ್ಸು ಅರವತ್ತು ದಾಟಿತ್ತು.

ಡೆಟ್ರಾಯಿಟಲ್ಲಿ ಒಂದು ಹಳೇ ಮಾತಿದೆ, ಹುಡುಗರ ಕಾರನ್ನ ಮುದುಕರಿಗೆ ಮಾರಬಹುದು, ಮುದುಕರ ಕಾರನ್ನ ಹುಡುಗರಿಗೆ ಮಾರೋಕಾಗಲ್ಲ ಅಂತ. ಜನರಲ್ ಮೋಟಾರ್ಸಿನದೇ ಆದ ಪಾಂಟಿಯಾಕ್ ಬ್ರ್ಯಾಂಡಿನ ಮುಖ್ಯಸ್ಥರಾಗಿದ್ದ ಬಂಕಿ ನೂಡ್ಸನ್ ಅವರ ಹೆಸರಲ್ಲಿ ಈ ಮಾತು ಓಡಾಡುತ್ತೆ. ಅವರು 1956ರಲ್ಲಿ ಅಧಿಕಾರ ವಹಿಸ್ಕೊಂಡ ಕೂಡ್ಲೇ ಮಾಡಿದ ಕೆಲಸ ಬಾನೆಟ್ ಮೇಲಿದ್ದ ಬೆಳ್ಳಿ ಬಣ್ಣದ ಪಟ್ಟೆಗಳನ್ನ ಕೀಳಿಸಿದ್ದು, ಮುಂದೆ 1964ರಲ್ಲಿ ಅದೇ ಪಾಂಟಿಯಾಕಿಂದ ಜಿಟಿಒ ಅನ್ನೋ ಜೋರಾದ ಕಾರು ಬಂದು ಹುಡುಗರೆಲ್ಲ ಅದರ ಹಿಂದೆ ಬಿದ್ರು. ಅವತ್ತಿಂದ ಇವತ್ತಿನವರೆಗೆ ಡಿಸೈನ್ ಸ್ಟುಡಿಯೋಗಳಲ್ಲಿ ಆ ಮಾತು ವೇದವಾಕ್ಯ ಆಗೋಗಿದೆ. ನನ್ನ ತಕರಾರು ಇರೋದೇ ಇಲ್ಲಿ. ಆ ಮಾತಿನ ಮೊದಲ ಅರ್ಧ ಯಾರೂ ಪರೀಕ್ಷೆ ಮಾಡಲ್ಲ. ಹುಡುಗರ ಕಾರನ್ನ ವಯಸ್ಸಾದೋರಿಗೆ ಮಾರಬಹುದು, ನಿಜ, ಅವರು ಕೊಳ್ತಾರೆ, ಆದ್ರೆ ಅದ್ರಲ್ಲಿ ಆರಾಮಾಗಿ ಕೂತು ಎದ್ದು ಮಾಡ್ತಾರಾ ಅಂತ ಕೇಳೋರಿಲ್ಲ.

ಹುಡುಗರನ್ನ ಹಿಡಿಯೋಕೆ ಕ್ಯಾಡಿಲಾಕ್ ಪಟ್ಟ ಪಾಡು ದೊಡ್ಡದು. 1982ರ ಮಾಡೆಲ್ ಆಗಿ ಸಿಮರಾನ್ ಅಂತ ಒಂದು ಚಿಕ್ಕ ಕಾರು ತಂದ್ರು, ಒಳಗೆಲ್ಲಾ ಅದೇ ಗುಂಪಿನ ಅಗ್ಗದ ಕಾರು ಷೆವರ್ಲೆ ಕ್ಯಾವಲಿಯರ್, ಮೇಲೆ ಲೆದರ್ ಸೀಟು ಮತ್ತೆ ಕ್ಯಾಡಿಲಾಕ್ ಲಾಂಛನ, ಬೆಲೆ ಮಾತ್ರ ಬಹಳ ಜಾಸ್ತಿ. ಜನ ಒಂದೇ ನೋಟಕ್ಕೆ ಕಂಡುಹಿಡಿದ್ರು. 1988ರಲ್ಲಿ ನಿಲ್ಲಿಸಿದ್ರು. ಆಮೇಲೆ 1997ರಲ್ಲಿ ಜರ್ಮನಿಯ ಓಪೆಲ್ ಒಮೆಗಾನ ಕಟೇರಾ ಅಂತ ಹೆಸರಿಟ್ಟು ತಂದು, ಜಾಹೀರಾತಲ್ಲಿ ಒಂದು ಕಾರ್ಟೂನ್ ಬಾತುಕೋಳಿ ಬಿಟ್ರು, ಅದೂ ನಡೀಲಿಲ್ಲ. ಇದೇ ಜನರಲ್ ಮೋಟಾರ್ಸಿನ ಓಲ್ಡ್ಸ್‌ಮೊಬೈಲ್ 1988ರಲ್ಲಿ ಇದು ನಿಮ್ಮಪ್ಪನ ಓಲ್ಡ್ಸ್‌ಮೊಬೈಲ್ ಅಲ್ಲ ಅಂತ ದೇಶ ತುಂಬಾ ಜಾಹೀರಾತು ಕೊಡ್ತು. ಪಾಪ, ಅಪ್ಪಂದಿರೇ ಆ ಕಾರಿನ ನಿಜವಾದ ಗಿರಾಕಿಗಳು, ಅವರಿಗೆ ಬೇಜಾರಾಯ್ತು, ಮಕ್ಕಳು ಬರ್ಲೂ ಇಲ್ಲ. 1897ರಲ್ಲಿ ಶುರುವಾಗಿದ್ದ ಆ ಹೆಸರು 2004ರ ಏಪ್ರಿಲ್‌ನಲ್ಲಿ ಲ್ಯಾನ್ಸಿಂಗ್ ಫ್ಯಾಕ್ಟರಿಯಲ್ಲಿ ಕೊನೇ ಕಾರು ಇಳಿಸಿ ಮುಗೀತು. ಅಪ್ಪ ಅನ್ನೋ ಗಿರಾಕಿ ಬಗ್ಗೆ ನಾಚಿಕೆಪಟ್ಕೊಂಡ ಬ್ರ್ಯಾಂಡಿಗೆ ಉಳಿಯೋಕೆ ಜಾಗ ಎಲ್ಲಿರುತ್ತೆ ಅಂತ ನಂಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ.

ಕೊನೆಗೆ ಕ್ಯಾಡಿಲಾಕನ್ನ ಎಬ್ಬಿಸಿದ್ದು ಎರಡು ಗಾಡಿ. ಒಂದು ಎಸ್ಕಲೇಡ್ ಅನ್ನೋ ದೊಡ್ಡ ಎಸ್‌ಯುವಿ, 1999ರ ಮಾಡೆಲ್, ಫೋರ್ಡ್ ಕಂಪನಿಯ ಲಿಂಕನ್ ನ್ಯಾವಿಗೇಟರ್ ಬಂದು ಗಿರಾಕಿಗಳನ್ನ ಎಳ್ಕೊಂಡು ಹೋಗ್ತಿದೆ ಅಂತ ಅವಸರದಲ್ಲಿ ತಮ್ಮದೇ ಗುಂಪಿನ ಜಿಎಂಸಿ ಯೂಕಾನ್ ಡೆನಾಲಿಗೇ ಬೇರೆ ಲಾಂಛನ ಅಂಟಿಸಿ ತಂದಿದ್ದು. ಅದನ್ನ ಯಾವ ಡಿಸೈನರೂ ಯುವಕರಿಗೆ ಅಂತ ಬರೆದಿರ್ಲಿಲ್ಲ, ಆದ್ರೆ ಹಿಪ್‌ಹಾಪ್ ಹಾಡುಗಾರರು, ಬ್ಯಾಸ್ಕೆಟ್‌ಬಾಲ್ ಆಟಗಾರರು ಅದನ್ನ ತಮ್ಮದು ಮಾಡ್ಕೊಂಡ್ರು, 2002ರ ಎರಡನೇ ತಲೆಮಾರಿನ ಎಸ್ಕಲೇಡ್ ಅಂತೂ ಅವರ ಮನೆ ಮುಂದೆಲ್ಲಾ ನಿಂತಿರ್ತಿತ್ತು. ಎರಡನೇದು ಸಿಟಿಎಸ್ ಸೆಡಾನ್, 2002ರಲ್ಲಿ ಬಂತು, ಸ್ಟೆಲ್ತ್ ವಿಮಾನದ ಥರ ಚೂಪು ಚೂಪು ಗೆರೆ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಲ್ಲಿ ಓಡಿಸಿ ಓಡಿಸಿ ಸಸ್ಪೆನ್ಷನ್ ಟ್ಯೂನ್ ಮಾಡಿದ್ದು. ಆ ವರ್ಷ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಸಮಯದಲ್ಲಿ ಕ್ಯಾಡಿಲಾಕ್ ಜಾಹೀರಾತಿಗೆ ಒಂದು ಬ್ರಿಟಿಷ್ ರಾಕ್ ಬ್ಯಾಂಡಿನ ಹಾಡು ಹಾಕಿದ್ರು, ಎಲ್ರೂ ನೋಡಿ ಕ್ಯಾಡಿಲಾಕ್ ಎಷ್ಟು ಯಂಗ್ ಆಗೋಯ್ತು ಅಂದ್ರು. ಆದ್ರೆ ಆ ಹಾಡು 1971ರದ್ದು. ಅವತ್ತು ಹದಿನೆಂಟು ವರ್ಷ ಆಗಿದ್ದೋರಿಗೆ 2002ರಲ್ಲಿ ಐವತ್ತರ ಹತ್ತಿರ. ಅಂದ್ರೆ ಯುವಕರಿಗೆ ಅಂತ ಕಾಣೋ ಜಾಹೀರಾತು ನಿಜವಾಗಿ ಮಾತಾಡ್ತಿದ್ದಿದ್ದು ಐವತ್ತು ವರ್ಷದೋರ ಹತ್ರ, ಅವರ ನೆನಪಿನ ಹತ್ರ. ಇದು ಕೆಟ್ಟದ್ದು ಅಂತ ನಾನು ಹೇಳಲ್ಲ, ಬಹಳ ಬುದ್ಧಿವಂತಿಕೆಯ ಕೆಲಸ. ಅಮೆರಿಕದಲ್ಲಿ ಹೊಸ ಕಾರು ಕೊಳ್ಳೋರ ಸರಾಸರಿ ವಯಸ್ಸು ಈಗಲೂ ಐವತ್ತರ ಮೇಲೇ ಇದೆ, ದುಡ್ಡಿರೋದು ಅವರ ಹತ್ರ, ಕಂಪನಿಗಳಿಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರ ಹೆಸರು ಎತ್ತಲ್ಲ.

ಇದಕ್ಕೆ ಇನ್ನೊಂದು ಉದಾಹರಣೆ, ನಂಗೆ ಬಹಳ ಇಷ್ಟವಾದದ್ದು. 2000ದ ಮಾಡೆಲ್ ಕ್ಯಾಡಿಲಾಕ್ ಡೆವಿಲ್ (DeVille) ಸೆಡಾನ್‌ನಲ್ಲಿ ನೈಟ್ ವಿಷನ್ ಬಂತು, ಪ್ರಪಂಚದಲ್ಲೇ ಮೊದಲು ಕಾರಲ್ಲಿ ಬಂದಿದ್ದು. ಗ್ರಿಲ್ ಹಿಂದೆ ಇನ್‌ಫ್ರಾರೆಡ್ ಕ್ಯಾಮೆರಾ, ಹೆಡ್‌ಲೈಟಿಗೂ ಕಾಣದ ಮನುಷ್ಯ, ಜಿಂಕೆ ಎಲ್ಲ ಗಾಜಿನ ಕೆಳಭಾಗದಲ್ಲಿ ಬೆಳ್ಳಗೆ ಮೂಡೋದು. ಯುದ್ಧಭೂಮಿಯ ಟೆಕ್ನಾಲಜಿ ಅಂತ ಪ್ರಚಾರ ಮಾಡಿದ್ರು. ಆದ್ರೆ ಡೆವಿಲ್ ಓಡಿಸ್ತಿದ್ದೋರು ಹೆಚ್ಚಿನವರು ಅರವತ್ತು ದಾಟಿದೋರು. ಅರವತ್ತರ ಕಣ್ಣಿಗೆ, ಇಪ್ಪತ್ತರ ಕಣ್ಣಿಗೆ ಹೋಗೋ ಬೆಳಕಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಒಳಗೆ ಹೋಗುತ್ತೆ, ಪಾಪೆ ಚಿಕ್ಕದಾಗುತ್ತೆ, ಲೆನ್ಸ್ ಹಳದಿಗಟ್ಟುತ್ತೆ, ಎದುರಿನ ಗಾಡಿ ಲೈಟ್ ಬಿದ್ರೆ ಮತ್ತೆ ಸರಿಹೋಗೋಕೆ ಹೊತ್ತು ಬೇಕು. ಅವರಿಗೆ ಅದಕ್ಕಿಂತ ಉಪಯೋಗದ ವಸ್ತು ಇನ್ನೇನಿದೆ? ಇದು ನಿಮ್ಮ ಕಣ್ಣಿಗೋಸ್ಕರ ಮಾಡಿದ್ದೀವಿ ಅಂತ ಬಾಯಿಬಿಟ್ಟು ಹೇಳಿದ್ರೆ ಕಾರು ಮುದುಕರದ್ದು ಅನ್ನಿಸ್ಕೊಳ್ಳುತ್ತೆ ಅನ್ನೋ ಭಯ ಈ ಇಂಡಸ್ಟ್ರೀಲಿ ಮೊದ್ಲಿಂದ ಇದೆ.

ಎಲ್ಲಾ ಕಂಪನೀನೂ ಕಣ್ಣುಮುಚ್ಕೊಂಡಿದ್ವು ಅಂತಲ್ಲ. 1990ರ ದಶಕದಲ್ಲಿ ಫೋರ್ಡ್ ಕಂಪನಿ ಇಂಗ್ಲೆಂಡಿನ ಲಫ್‌ಬರೋ ಯೂನಿವರ್ಸಿಟಿ ಜೊತೆ ಸೇರಿ ಥರ್ಡ್ ಏಜ್ ಸೂಟ್ ಅಂತ ಒಂದು ದಿರಿಸು ಮಾಡಿಸ್ತು. ಅದನ್ನ ಹಾಕ್ಕೊಂಡ್ರೆ ಮೊಣಕಾಲು, ಮೊಣಕೈ, ಬೆನ್ನು ಪೂರ್ತಿ ಬಗ್ಗಲ್ಲ, ಹೊಟ್ಟೆ ದಪ್ಪ ಆಗುತ್ತೆ, ಗ್ಲೌಸಿಂದ ಬೆರಳಿಗೆ ಸ್ಪರ್ಶ ಸರಿಯಾಗಿ ಸಿಗಲ್ಲ, ಕನ್ನಡಕ ಹಾಕಿದ್ರೆ ಪೊರೆ ಬಂದ ಕಣ್ಣಿನ ಹಾಗೆ ಮಂಜು ಮಂಜು. ಮೂವತ್ತು ವರ್ಷದ ಎಂಜಿನಿಯರು ಅದನ್ನ ಹಾಕ್ಕೊಂಡು ಕಾರೊಳಗೆ ಕೂತು ಸೀಟ್ ಬೆಲ್ಟ್ ಹುಡುಕಬೇಕು. 1998ರ ಫೋಕಸ್ ಕಾರಿನ ಬಾಗಿಲು ಎತ್ತರ, ಸೀಟಿನ ಎತ್ತರ ಎಲ್ಲಾ ಹಿಂಗೇ ತಿದ್ದಿದ್ದು. ಅದು ಸಾಧಾರಣ ಬೆಲೆಯ ಕಾರು ಅನ್ನೋದು ಗಮನಿಸಿ. ಆ ಫೋಕಸ್ ಯುವಕರಿಗೂ ಬಹಳ ಇಷ್ಟ ಆಯ್ತು, ವಯಸ್ಸಾದೋರ ಅಳತೆಗೆ ಮಾಡಿದ್ದು ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ.

ನಾವು ಸೀಟಿನೋರು ಎಚ್ ಪಾಯಿಂಟ್ ಅಂತ ಕರೀತೀವಿ, ಕೂತಾಗ ಸೊಂಟದ ಕೀಲು ಇರೋ ಜಾಗ. ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ಕಾರಿಗೆ ಹತ್ತೋದು ಇಳಿಯೋದು ನಿಂತಿದೆ. ನಿಂತಿರೋ ಮನುಷ್ಯನ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಸೀಟಿದ್ರೆ ಪಕ್ಕಕ್ಕೆ ಜಾರಿದ್ರೆ ಸಾಕು, ಕೂತಂಗೇ. ಅದಕ್ಕಿಂತ ತುಂಬಾ ಕೆಳಗಿದ್ರೆ ಮೊಣಕಾಲ ಮೇಲೆ ಇಡೀ ಮೈ ಭಾರ ಬಿಟ್ಟು ಕುಸೀಬೇಕು, ಇಳಿಯುವಾಗ ಆ ಭಾರಾನ ಮತ್ತೆ ಎತ್ತಬೇಕು. ಎಸ್‌ಯುವಿಗಳು ಇಷ್ಟೊಂದು ಮಾರಾಟ ಆಗೋಕೆ ಇದೂ ಒಂದು ಕಾರಣ, ಶೋರೂಮ್ ಸೇಲ್ಸ್‌ನೋರನ್ನ ಕೇಳಿ ನೋಡಿ, ವಯಸ್ಸಾದ ಗಿರಾಕಿ ಮೊದಲು ಹೇಳೋದೇ ಹತ್ತೋಕೆ ಆರಾಮಾಗಿದೆ ಅಂತ. ಜಾಹೀರಾತಲ್ಲಿ ಮಾತ್ರ ಬೆಟ್ಟ, ಹೊಳೆ, ಟೆಂಟು, ಇಪ್ಪತ್ತೈದರ ಜೋಡಿ. ಅದೇ ಕಂಪನಿಗಳು 2004ರಲ್ಲಿ ಮರ್ಸಿಡಿಸ್ ಸಿಎಲ್‌ಎಸ್ ಬಂದಾಗಿಂದ ನಾಲ್ಕು ಬಾಗಿಲ ಕೂಪೆ ಅಂತ ಸೆಡಾನ್‌ಗಳ ರೂಫನ್ನ ಹಿಂದಕ್ಕೆ ಇಳಿಸ್ತಾ ಬಂದಿವೆ, ಪಕ್ಕದಿಂದ ನೋಡೋಕೆ ಬಹಳ ಚಂದ, ಹಿಂದಿನ ಬಾಗಿಲಲ್ಲಿ ಒಳಗೆ ಹೋಗೋನಿಗೆ ತಲೆ ತಗ್ಗಿಸಿ, ಸೊಂಟ ತಿರುಗಿಸಿ, ಕಾಲು ಎಳ್ಕೋಬೇಕು, ಮೂರೂ ಒಟ್ಟಿಗೆ.

ಈಗ ನಮ್ಮೂರಿಗೆ ಬರ್ತೀನಿ. ಅಮೆರಿಕದಲ್ಲಿ ಕೊಳ್ಳೋನೇ ಸಾಮಾನ್ಯವಾಗಿ ಓಡಿಸ್ತಾನೆ, ಅವನ ವಯಸ್ಸು ಗೊತ್ತಾದ್ರೆ ಕಾರಿನ ವಯಸ್ಸು ಗೊತ್ತಾದಂಗೆ. ಬೆಂಗಳೂರಲ್ಲಿ, ಮೈಸೂರಲ್ಲಿ, ಹುಬ್ಬಳ್ಳೀಲಿ ಹಂಗಲ್ಲ. ಸಾಫ್ಟ್‌ವೇರಿನಲ್ಲೋ ಬಿಸಿನೆಸ್ಸಿನಲ್ಲೋ ದುಡಿದ ಮಗಳು ಮಗ ಕಾರು ತಗೋತಾರೆ, ವಾರದ ದಿನ ಆಫೀಸಿಗೆ ಅವರೇ ಓಡಿಸ್ಕೊಂಡು ಹೋಗ್ತಾರೆ, ಭಾನುವಾರ ಅಪ್ಪ ಅಮ್ಮನ್ನ ಕೂರಿಸ್ಕೊಂಡು ನಂಜನಗೂಡಿಗೋ ಮದುವೆಗೋ ಆಸ್ಪತ್ರೆಗೋ ಹೋಗ್ಬೇಕು. ಎಲ್ವಿಸ್ ಮನೆ ಕಥೆ ನಮ್ಮ ಬೀದಿಬೀದೀಲೂ ಇದೆ. ಹಿಂದಿನ ಸೀಟಿನ ಮಹತ್ವ ಕಂಪನಿಗಳಿಗೆ ಗೊತ್ತಿಲ್ಲ ಅನ್ನೋ ಹಾಗಿಲ್ಲ, ಮರ್ಸಿಡಿಸ್ 2017ರಲ್ಲಿ ಮುಂದಿನ ಹಿಂದಿನ ಚಕ್ರದ ನಡುವೆ ಜಾಗ ಜಾಸ್ತಿ ಇರೋ, ಅಂದ್ರೆ ಉದ್ದ ವೀಲ್‌ಬೇಸಿನ ಇ-ಕ್ಲಾಸನ್ನ ಪುಣೆ ಹತ್ರದ ಚಾಕಣದಲ್ಲಿ ಮಾಡೋಕೆ ಶುರು ಮಾಡ್ತು, ಬಿಎಂಡಬ್ಲ್ಯೂ 2021ರಲ್ಲಿ 3 ಸೀರೀಸನ್ನ, 2024ರಲ್ಲಿ 5 ಸೀರೀಸನ್ನ ಉದ್ದ ಮಾಡಿ ತಂತು. ಕಾಲು ಚಾಚೋಕೆ ಜಾಗ ಕೊಟ್ರು, ಅದಕ್ಕೆ ಅವರನ್ನ ಮೆಚ್ಚಬೇಕು. ಆದ್ರೆ ಜಾಗ ಬೇರೆ, ಹತ್ತೋದು ಇಳಿಯೋದು ಬೇರೆ.

ಮೊನ್ನೆ ಇಲ್ಲೇ ಒಂದು ಕಲ್ಯಾಣ ಮಂಟಪದ ಪೋರ್ಟಿಕೋದಲ್ಲಿ ನಿಂತಿದ್ದೆ. ರೂಫ್ ಇಳಿಜಾರಾಗಿರೋ ಒಂದು ಹೊಸ ಕಾರು ಬಂತು, ಹಿಂದೆ ಒಬ್ಬ ಅಜ್ಜಿ, ರೇಷ್ಮೆ ಸೀರೆ. ಸೀರೆ ಉಟ್ಟೋರು ಪ್ಯಾಂಟ್ ಹಾಕಿದೋರ ಥರ ಒಂದು ಕಾಲು ಹೊರಗಿಟ್ಟು ಎದ್ದೇಳೋಕಾಗಲ್ಲ, ಎರಡೂ ಕಾಲು ಒಟ್ಟಿಗೆ ಹೊರಗೆ ತಿರುಗಿಸಿ, ನೆಲ ಸಿಕ್ಕಿದ ಮೇಲೆ ಏಳಬೇಕು. ಬಾಗಿಲ ಕೆಳಗಿನ ಪಟ್ಟಿ, ನಾವು ಸಿಲ್ ಅಂತೀವಿ, ಅಗಲವಾಗಿತ್ತು, ಅವರ ಪಾದ ನೆಲಕ್ಕೆ ಮುಟ್ಟಿದಾಗ ಮೊಣಕಾಲು ಎದೆ ಮಟ್ಟಕ್ಕೆ ಬಂದಿತ್ತು, ನೆರಿಗೆ ಸಿಲ್‌ಗೆ ಉಜ್ಜಿ ಕೊಳೆ ಆಯ್ತು. ಮೇಲೆ ಹಿಡ್ಕೊಳ್ಳೋಕೆ ಹ್ಯಾಂಡಲ್ ಇತ್ತು, ಆದ್ರೆ ಅದು ಅವರ ಕಿವಿ ಹಿಂದಿತ್ತು, ಏಳುವಾಗ ಕೈ ಮುಂದಕ್ಕೆ ಹೋಗುತ್ತೆ ಹೊರತು ಹಿಂದಕ್ಕೆ ಹೋಗಲ್ಲ. ಆಯಮ್ಮ ಮುಂದಿನ ಸೀಟಿನ ಬೆನ್ನು ಹಿಡಿದ್ರು, ಅದು ನುಣುಪಾದ ಚಿಪ್ಪಿನ ಥರ, ಹಿಡಿತ ಸಿಗಲಿಲ್ಲ. ಕೊನೆಗೆ ಮೊಮ್ಮಗ ಬಂದು ಎರಡೂ ಕೈ ಹಿಡಿದು ಎಬ್ಬಿಸ್ದ. ಎಬ್ಬಿಸೋಕೆ ಯಾರಾದ್ರೂ ಇರ್ತಾರೆ ನಿಜ, ಆದ್ರೆ ನಾಲ್ಕು ಜನರ ಮುಂದೆ ಬೇರೆಯವರ ಕೈ ಕಾಯೋ ಹಾಗೆ ಆಗೋದು ಆ ವಯಸ್ಸಿನೋರಿಗೆ ಎಷ್ಟು ನೋವು ಅಂತ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅರ್ಧ ಕೋಟಿ ಮೇಲಿನ ಕಾರದು.

ಸ್ವಿಚ್ಚಿನ ವಿಷ್ಯಾನೂ ಹೇಳ್ಬೇಕು. ಮರ್ಸಿಡಿಸ್‌ನೋರು 1979ರ ಎಸ್-ಕ್ಲಾಸ್ ತಲೆಮಾರಲ್ಲಿ ಸೀಟಿನ ಆಕಾರದ್ದೇ ಒಂದು ಪುಟ್ಟ ಸ್ವಿಚ್ಚನ್ನ ಬಾಗಿಲಲ್ಲಿ ಇಟ್ರು, ಸೀಟಿನ ಬೆನ್ನು ಒರಗಿಸ್ಬೇಕಾ, ಸ್ವಿಚ್ಚಿನ ಬೆನ್ನು ತಳ್ಳಿ. ಓದು ಬರಹ ಬೇಡ, ಕನ್ನಡಕ ಬೇಡ, ಯಾವ ವಯಸ್ಸಿನೋರಿಗೂ ಒಂದೇ ಸಲಕ್ಕೆ ಅರ್ಥ ಆಗೋದು. ಈಗಿನ ಎಸ್-ಕ್ಲಾಸಲ್ಲಿ ಆಕಾರ ಹಂಗೇ ಇದೆ, ಆದ್ರೆ ಅದು ಅಲುಗಾಡಲ್ಲ, ಒತ್ತಡ ಗುರುತಿಸೋ ಸೆನ್ಸರ್ ಮಾತ್ರ. ಬೆರಳಿಗೆ ಏನಾಯ್ತು ಅಂತ ಗೊತ್ತಾಗಲ್ಲ. ಕ್ಯಾಡಿಲಾಕ್ ಕೂಡ 2012ರಲ್ಲಿ ಕ್ಯೂ ಅನ್ನೋ ಟಚ್ ಸಿಸ್ಟಮ್ ತಂದು ವಾಲ್ಯೂಮ್ ತಿರುಗಿಸೋ ಗುಂಡೀನೇ ತೆಗೆದುಬಿಟ್ಟಿತ್ತು, ಜನ ಎಷ್ಟು ಬೈದ್ರು ಅಂದ್ರೆ ಮುಂದಿನ ಮಾಡೆಲ್‌ಗಳಲ್ಲಿ ಗುಂಡಿ ವಾಪಸ್ ಬಂತು. ಬೈದೋರಲ್ಲಿ ಯುವಕರೂ ಇದ್ರು. ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರು, ಹಾರ್ನು, ವೈಪರಿನಂಥ ಮುಖ್ಯ ಕೆಲಸಗಳಿಗೆ ನಿಜವಾದ ಸ್ವಿಚ್ಚಿಲ್ಲದ ಕಾರಿನ ಅಂಕ ಕಡಿಮೆ ಮಾಡುತ್ತೆ. ವಯಸ್ಸಾದ ಬೆರಳಿಗೆ ಅನುಕೂಲ ಆಗಿದ್ದು ಗಾಡಿ ಓಡಿಸ್ತಾ ರಸ್ತೆ ಮೇಲೆ ಕಣ್ಣಿಡಬೇಕಾದ ಎಲ್ಲರಿಗೂ ಅನುಕೂಲವೇ.

ಇಲೆಕ್ಟ್ರಿಕ್ ಕಾರಲ್ಲಿ ಇನ್ನೊಂದಿದೆ, ಬ್ಯಾಟರಿ ನೆಲದಡಿ ಬರೋದ್ರಿಂದ ಒಳಗಿನ ನೆಲ ಮೇಲೆ ಬರುತ್ತೆ, ರೂಫ್ ಮಾತ್ರ ಸ್ಟೈಲಿಗೋಸ್ಕರ ಕೆಳಗೇ ಇರುತ್ತೆ, ಹಿಂಗಾಗಿ ಕೆಲವು ಕಾರಲ್ಲಿ ಹಿಂದೆ ಕೂತ್ರೆ ಮೊಣಕಾಲು ಮೇಲೆದ್ದು ತೊಡೆ ಸೀಟಿಗೆ ತಾಗೋದೇ ಇಲ್ಲ. ಒಂದು ಗಂಟೆ ಆದ್ಮೇಲೆ ಸೊಂಟ ಹೇಳುತ್ತೆ. ಜೊತೆಗೆ ಇಪ್ಪತ್ತು ಇಪ್ಪತ್ತೊಂದು ಇಂಚಿನ ಚಕ್ರಕ್ಕೆ ತೆಳ್ಳನೆ ಟೈರು, ನಮ್ಮ ಹಂಪುಗಳ ಮೇಲೆ ಅದು ಯಾರ ಬೆನ್ನಿಗೆ ಬಡಿಯುತ್ತೆ ಅಂತ ಬರೆಯೋದೇ ಬೇಡ.

ಯುವಕರು ಚಂದದ ಕಾರು ಬಯಸೋದು ತಪ್ಪು ಅಂತ ನಾನು ಖಂಡಿತ ಹೇಳ್ತಿಲ್ಲ. ಚೂಪು ಗೆರೆ ಇರ್ಲಿ, ದೊಡ್ಡ ಗ್ರಿಲ್ ಇರ್ಲಿ, ಬಣ್ಣ ಯಾವ್ದಾದ್ರೂ ಇರ್ಲಿ. ನಾನು ಕೇಳ್ತಿರೋದು ನಿಮ್ಮ ವಾಹನ ಪುಟದೋರು ರಿವ್ಯೂ ಮಾಡುವಾಗ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಬರೆಯೋ ಜಾಗದ ಪಕ್ಕದಲ್ಲೇ ಇನ್ನೆರಡು ಸಾಲು ಬರೀಲಿ ಅಂತ. ಹಿಂದಿನ ಸೀಟಿನ ಅಂಚು ನೆಲದಿಂದ ಎಷ್ಟು ಎತ್ತರ, ಸಿಲ್ ಎಷ್ಟು ಅಗಲ, ಬಾಗಿಲು ಎಷ್ಟು ತೆರೆಯುತ್ತೆ, ಒಳಗೆ ಹೋಗುವಾಗ ತಲೆ ತಾಗುತ್ತಾ, ಏಳುವಾಗ ಕೈಗೆ ಏನು ಸಿಗುತ್ತೆ. ಸಾಧ್ಯವಾದ್ರೆ ಎಪ್ಪತ್ತು ದಾಟಿದ ಒಬ್ಬರನ್ನ, ಸೀರೆಯಲ್ಲೋ ಪಂಚೆಯಲ್ಲೋ, ಕೂರಿಸಿ ಇಳಿಸಿ ಅವರ ಮಾತನ್ನೂ ಹಾಕಿ. ಓದುಗರು ಶೋರೂಮಿಗೆ ಹೋದಾಗ ಆ ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ ಸೇಲ್ಸ್‌ನೋರು ಅದನ್ನ ಮೇಲಕ್ಕೆ ಮುಟ್ಟಿಸ್ತಾರೆ, ಗಿರಾಕಿ ಕೇಳಿದ ಪ್ರಶ್ನೆ ಫ್ಯಾಕ್ಟರಿಗೆ ಹೋಗೋದನ್ನ ನಾನು ನೋಡಿದೀನಿ.

ಅಳತೆ ಹೆಂಗೆ ತಗೋಬೇಕು ಅಂತ ಬೇಕಿದ್ರೆ ಬರೆದು ಕಳಿಸ್ತೀನಿ, ಅದಕ್ಕೆ ಒಂದು ಟೇಪು, ಐದು ನಿಮಿಷ ಸಾಕು.

ವಂದನೆಗಳೊಂದಿಗೆ,
ನಿಮ್ಮ ಒಬ್ಬ ಹಳೇ ಓದುಗ, ಮೈಸೂರು